ಬಟಾಣಿ ತೋಟದ ಮಠಾಧಿಪತಿ

ಗ್ರೆಗೊರ್ ಮೆಂಡೆಲರ ಹೆಸರನ್ನು ಶಾಲಾಪಠ್ಯದಲ್ಲಿ ಓದಿದ ನಮ್ಮಲ್ಲಿ ಅನೇಕರಿಗೆ ಅವರು ಕಥೋಲಿಕ ಗುರುಗಳೆಂಬುದು ತಿಳಿದಿರಲಾರದು. 1822ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯದ ಸೈಲೀಸಿಯಾ ಪ್ರಾಂತ್ಯದ ರೈತ ಕುಟುಂಬದಲ್ಲಿ ಜನಿಸಿದ ಅವರ ವ್ಯಾಸಂಗಕ್ಕಾಗಿ ತಂಗಿ ತೆರೇಸಿಯಾ ತನ್ನ ವಿವಾಹಕ್ಕೆ ಮೀಸಲಾಗಿದ್ದ ಹಣದಲ್ಲಿಯೇ ಪಾಲು ನೀಡಿದಳು. (ಮುಂದೆ ಆಕೆಯ ಮಕ್ಕಳ ಓದಿಗೆ ನೆರವಾಗಿ ಅಣ್ಣ ಆ ಋಣ ತೀರಿಸಿದರು.) 1843ರಲ್ಲಿ, ಇಂದು ಚೆಕ್ ಗಣರಾಜ್ಯಕ್ಕೆ ಸೇರಿದ ಬ್ರನೋ ನಗರದ ಸಂತ ತೋಮಸರ ಮಠದಲ್ಲಿ ಅಗಸ್ಟೀನ್ ಸಭೆಯನ್ನು ಸೇರಿ, 1847ರಲ್ಲಿ ಗುರುದೀಕ್ಷೆ ಪಡೆದರು. ಅಧ್ಯಾಪಕರ ಪರೀಕ್ಷೆಗೆ ಎರಡು ಬಾರಿ ಕುಳಿತರೂ ಉತ್ತೀರ್ಣರಾಗಲಿಲ್ಲ!

1856ರಿಂದ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ ಪರಿಶೀಲಿಸಿದರು. ದುಂಡು ಬೀಜದ ತಳಿಯನ್ನು ಸುಕ್ಕು ಬೀಜದ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಸುಕ್ಕು ಮಾಯವಾಯಿತು. ಮರುಪೀಳಿಗೆಯಲ್ಲಿ 5,474 ದುಂಡು, 1,850 ಸುಕ್ಕು ಬೀಜಗಳು ದೊರೆತವು. ಪ್ರತಿ ಗುಣಕ್ಕೂ ಜೋಡಿ ಅಂಶಗಳಿದ್ದು, ತಂದೆತಾಯಿಗಳಿಂದ ಒಂದೊಂದು ಸಂತತಿಗೆ ಬರುವುದೆಂದೂ, ಮರೆಯಾದುದು ನಾಶವಾಗದೆಂದೂ ಅವರು ಮನಗಂಡರು. 1865ರಲ್ಲಿ ಮಂಡಿಸಿದ ಪ್ರಬಂಧವು ಮರುವರ್ಷ ಅಚ್ಚಾದರೂ ಅದರ ಮಹತ್ವವನ್ನು ವಿದ್ವಾಂಸರು ಅರಿಯಲಿಲ್ಲ.

1868ರಲ್ಲಿ ಮಠಾಧಿಪತಿಯಾದ ಮೇಲೆ ಆಡಳಿತವೂ, ಮಠಗಳ ಮೇಲಿನ ತೆರಿಗೆಯ ಕುರಿತು ಸರ್ಕಾರದೊಡನೆ ನಡೆದ ದೀರ್ಘ ವಿವಾದವೂ ಅವರ ಕಾಲವನ್ನು ನುಂಗಿದವು. ಸಂಶೋಧನೆಗೆ ಅಡ್ಡಿಯಾದುದು ಈ ಪದವಿಯೇ ಎಂದು ನಮ್ಮ ಭಾವನೆ. 1884ರ ಜನವರಿ 6, ಮೂರು ರಾಯರ ಹಬ್ಬದಂದು ನಿಧನರಾದರು.

1900ರಲ್ಲಿ ಡಿ ವ್ರೀಸ್, ಕೊರೆನ್ಸ್ ಮೊದಲಾದವರು ಆ ಪ್ರಬಂಧವನ್ನು ಬೆಳಕಿಗೆ ತಂದರು. ಜೀವಕೋಶದೊಳಗಿನ ವರ್ಣತಂತುಗಳೇ ಮೆಂಡೆಲರ ಅಂಶಗಳ ವಾಹಕಗಳೆಂದು ಸಟನ್ ಮತ್ತು ಬೊವೆರಿ 1902-03ರಲ್ಲಿ ಪ್ರತಿಪಾದಿಸಿದರು. ನಮ್ಮ ದೇಹಕೋಶದ 46 ವರ್ಣತಂತುಗಳಲ್ಲಿ 23 ತಾಯಿಯಿಂದ, 23 ತಂದೆಯಿಂದ ಬಂದವೆಂಬುದನ್ನು ಈಗ ಶಾಲಾಮಕ್ಕಳೂ ಬಲ್ಲರು.