ಪಾಶ್ಚರ್ ಮಹಾಶಯರ ಅರುವತ್ತು ಸೀಸೆಗಳು

ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ 1822ನೆಯ ಇಸವಿ ಡಿಸೆಂಬರ್ 27ರಂದು, ಚರ್ಮ ಹದಮಾಡಿ ಜೀವಿಸುತ್ತಿದ್ದ ಗೃಹಸ್ಥರೊಬ್ಬರ ಮಗನಾಗಿ ಲೂಯಿ ಪಾಶ್ಚರ್ ಮಹಾಶಯರು ಜನಿಸಿದರು. ಹುಚ್ಚುನಾಯಿ ಕಡಿತದ ಚಿಕಿತ್ಸೆಯಿಂದ ಅವರ ಹೆಸರು ಲೋಕವಿಖ್ಯಾತವಾಗಿದೆ. ಆದರೆ ಪ್ರಯೋಗವೊಂದು ನಂಬಿಕೆಗೆ ಯೋಗ್ಯವೋ ಅಲ್ಲವೋ ಎಂದು ವಿವೇಚಿಸುವ ಬಗೆಯನ್ನು ನಮ್ಮ ಬಾಲಿಕೆಯರಿಗೆ ಕಲಿಸುವಾಗ ನಾವು ಹೇಳುವುದು ಅವರ ಜೀವಿತದ ಬೇರೊಂದು ಪ್ರಸಂಗವನ್ನು.

ಕೊಳೆಯುವ ರಸಗಳಲ್ಲಿ ಸೂಕ್ಷ್ಮಜೀವಿಗಳು ತಾವಾಗಿಯೇ ಹುಟ್ಟುವುವೆಂದು ರುವಾಂ ಪಟ್ಟಣದ ಪುಶೆ ಎಂಬ ಪಂಡಿತರು ವಾದಿಸುತ್ತಿದ್ದರು. ಅವು ಗಾಳಿಯ ಧೂಳಿನೊಡನೆ ಬರುವುವೆಂದು ಪಾಶ್ಚರರ ಊಹೆ. ಊಹೆಯು ನಿಜವಾದರೆ ಧೂಳು ಕಡಿಮೆಯಿರುವ ಎಡೆಯಲ್ಲಿ ಕೆಡುವ ಸೀಸೆಗಳೂ ಕಡಿಮೆಯಾಗಬೇಕಷ್ಟೆ. 1860ರಲ್ಲಿ ಅವರು ಹುದುಗಿನ ರಸವನ್ನು ಸೀಸೆಗಳಲ್ಲಿ ಕುದಿಸಿ, ಕುದಿಯುತ್ತಿರುವಾಗಲೇ ಕೊರಳನ್ನು ಉರಿಯಲ್ಲಿ ಕರಗಿಸಿ ಮುಚ್ಚಿದರು. ಬಳಿಕ ಬೆಟ್ಟದ ತಪ್ಪಲಿನಲ್ಲಿ 20, ಝೂರಾ ಪರ್ವತದ ಮೇಲೆ 20, ಆಲ್ಪ್ಸ್ ಪರ್ವತದ ಹಿಮನದಿಯ ಬಳಿ 20 ಸೀಸೆಗಳನ್ನು ತೆರೆದು, ಗಾಳಿಯು ಒಳಹೊಕ್ಕೊಡನೆ ಪುನಃ ಮುಚ್ಚಿದರು. ಉಡುಪಿನ ಧೂಳು ಬೀಳದಂತೆ ಸೀಸೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದರು. ಇಕ್ಕಳವನ್ನು ಉರಿಯಲ್ಲಿ ಕಾಯಿಸಿದರು. ಕ್ರಮವಾಗಿ 8, 5, 1 ಸೀಸೆಗಳು ಕೆಟ್ಟವು. ರಸವೂ ವಿಧಾನವೂ ಸಂಖ್ಯೆಯೂ ಒಂದೇ. ಬದಲಾದದ್ದು ಸ್ಥಳ ಮಾತ್ರ. ಒಳ್ಳೆಯ ಪ್ರಯೋಗದ ಲಕ್ಷಣವಿದು.

ಆದರೂ ವಿವಾದವು ಅಲ್ಲಿಗೆ ಮುಗಿಯಲಿಲ್ಲ. 1863ರಲ್ಲಿ ಪುಶೆಯವರು ಪಿರನೀಸ್ ಪರ್ವತವನ್ನೇರಿ, ಒಣಹುಲ್ಲಿನ ಕಷಾಯದಿಂದ ಅಂಥದೇ ಪ್ರಯೋಗವನ್ನು ಮಾಡಲು, ಸೀಸೆಗಳೆಲ್ಲವೂ ಕೆಟ್ಟವು. ಮರುವರ್ಷ ವಿದ್ವತ್ಸಮಿತಿಯ ಮುಂದಿನ ಪರೀಕ್ಷೆಯಿಂದ ಅವರು ಹಿಂದೆ ಸರಿದುದರಿಂದ ಜಯವು ಪಾಶ್ಚರರದಾಯಿತು. ಹುಲ್ಲಿನ ಕಷಾಯವನ್ನು ಸಮಿತಿಯು ಪರೀಕ್ಷಿಸಲೇ ಇಲ್ಲ. ಪುಶೆಯವರು 1872ರಲ್ಲಿ ತೀರಿಕೊಂಡರು. 1876-77ರಲ್ಲಿ ಕೋನ್, ಟಿಂಡಲ್ ಎಂಬ ಶಾಸ್ತ್ರಜ್ಞರು, ಒಣಹುಲ್ಲಿನಲ್ಲಿರುವ ಕೆಲವು ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲವೆಂದು ತೋರಿಸಿದರು. ಪುಶೆಯವರು ಕಂಡದ್ದು ಸುಳ್ಳಲ್ಲ. ಅದರಿಂದ ಮಾಡಿದ ನಿರ್ಣಯವು ತಪ್ಪು. ಪಾಶ್ಚರರ ನಿರ್ಣಯವು ಸರಿ. ಆದರೆ ಎದುರಾಳಿಯ ಸೀಸೆಗಳು ಕೆಟ್ಟುದೇಕೆಂಬ ಪ್ರಶ್ನೆಯನ್ನು ಅಂದು ಬಿಡಿಸದೆ ಹೋದರು.

1868ರಲ್ಲಿ ಪಾರ್ಶ್ವವಾಯುವಿನಿಂದ ಎಡಭಾಗವು ಸ್ವಾಧೀನ ತಪ್ಪಿದರೂ ಪಾಶ್ಚರ್ ಮಹಾಶಯರು ಕೆಲಸವನ್ನು ಬಿಡಲಿಲ್ಲ. 1895ನೆಯ ಸೆಪ್ಟೆಂಬರ್ 28ರಂದು ಅವರು ಕಾಲವಶರಾದರು.

ಹೋಲಿಸಿ ನೋಡಿದರೇ, ಎಷ್ಟು ಸಲ ಮಾಡಿದರು, ಬೇರೊಬ್ಬರು ಮಾಡಿದಾಗ ಏನಾಯಿತು ಎಂದು ಬಾಲಿಕೆಯರು ಮನೆಯಲ್ಲಿಯೂ ಕೇಳತೊಡಗಿದರೆ ವಿನಯವು ಕೆಡುವುದೆಂದು ಕೆಲವು ಪೋಷಕರು ಶಂಕಿಸುವುದುಂಟು. ಪಾಶ್ಚರ್ ಮಹಾಶಯರು ದೇವರಲ್ಲಿ ನಂಬಿಕೆಯಿಟ್ಟವರು. ತಮ್ಮ ಊಹೆಯನ್ನು ಮಾತ್ರ ಪರೀಕ್ಷಿಸದೆ ನಂಬಲಿಲ್ಲ. ಸತ್ಯವು ಪರೀಕ್ಷೆಗೆ ಅಂಜುವುದಿಲ್ಲ. ಆದಕಾರಣ ಪ್ರಿಯ ಪೋಷಕರೇ, ಮಗಳು ಹೀಗೆ ಕೇಳಿದಾಗ ಗದರಿಸದೆ ಉತ್ತರ ಹೇಳಬೇಕೆಂದು ನಾವು ಬೇಡುತ್ತೇವೆ.