ಕಣಗಾಲಿನ ಪುಟ್ಟಣ್ಣ, ಶರಪಂಜರದ ಕಾವೇರಿ, ನಮ್ಮ ನಿದ್ದೆ

ಮೈಸೂರಿಂದ ಹುಣಸೂರು ದಾಟಿ ಮಡಿಕೇರಿ ಕಡೆ ಹೊರಟರೆ ಪಿರಿಯಾಪಟ್ಟಣ ಸಿಗುತ್ತೆ. ಆ ತಾಲ್ಲೂಕಿನ ಕಣಗಾಲ್ ಅನ್ನೋ ಹಳ್ಳಿಯನ್ನು ನಾಡಿಗೆಲ್ಲ ಪರಿಚಯಿಸಿದವರು ಪುಟ್ಟಣ್ಣ. 'ನಾಗರಹಾವು' ನೋಡಿದ ನಮ್ಮಲ್ಲಿ ಎಷ್ಟೋ ಜನಕ್ಕೆ ಅದರ ನಿರ್ದೇಶಕರು ನಮ್ಮ ಜಿಲ್ಲೆಯವರೇ ಅಂತ ಗೊತ್ತಿರಲಿಕ್ಕಿಲ್ಲ.

ಹುಟ್ಟಿದ್ದು 1933ರ ಡಿಸೆಂಬರ್ 1ರಂದು. ಮೂಲ ಹೆಸರು ಸೀತಾರಾಮ ಶರ್ಮ. ಚಿತ್ರಸಾಹಿತಿ ಕಣಗಾಲ್ ಪ್ರಭಾಕರ ಶಾಸ್ತ್ರಿ ಇವರ ಅಣ್ಣ. ಬಡತನದಲ್ಲಿ ಬೆಳೆದ ಪುಟ್ಟಣ್ಣ ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡಿದರು, ಮೇಷ್ಟ್ರೂ ಆಗಿದ್ದರು. ಆಮೇಲೆ ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ಸಿನಿಮಾ ಕಲಿತರು. 1967ರಲ್ಲಿ ಕನ್ನಡದಲ್ಲಿ ಅವರ ಮೊದಲ ಚಿತ್ರ 'ಬೆಳ್ಳಿಮೋಡ' ಬಂತು. ಅದು ತ್ರಿವೇಣಿ ಅವರ ಕಾದಂಬರಿ. ಮನಃಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲೇ ತೀರಿಕೊಂಡಿದ್ದರು.

ಕೆಲವೇ ವರ್ಷಗಳಲ್ಲಿ ಪುಟ್ಟಣ್ಣ ಮತ್ತೆ ತ್ರಿವೇಣಿಯವರ ಕಥೆಯನ್ನೇ ಎತ್ತಿಕೊಂಡರು: 'ಶರಪಂಜರ'. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತೆ. ಆಸ್ಪತ್ರೆಗೆ ಸೇರಿ ಗುಣವಾಗಿ ಮನೆಗೆ ಬರ್ತಾಳೆ. ಆದರೆ ಗಂಡ, ನೆಂಟರು, ಅಕ್ಕಪಕ್ಕದವರು ಯಾರೂ ಅವಳನ್ನು ಮೊದಲಿನಂತೆ ನೋಡಲ್ಲ. ಕೊನೆಗೆ ಅವಳು ಮತ್ತೆ ಕುಸೀತಾಳೆ. ಕಲ್ಪನಾ ಅವರ ಅಭಿನಯವನ್ನು ನಮ್ಮ ಅಮ್ಮಂದಿರು ಇವತ್ತಿಗೂ ನೆನೀತಾರೆ.

ಕಾವೇರಿಯಂಥವರು ಇವತ್ತು ಆಸ್ಪತ್ರೆಗೆ ಬಂದರೆ ವೈದ್ಯರು ನಿದ್ದೆಯ ಬಗ್ಗೆಯೂ ತಪ್ಪದೆ ಕೇಳ್ತಾರೆ. ಬಾಣಂತಿಯ ಮನಸ್ಸು ಕೆಡುವ ಮುನ್ನ ನಿದ್ದೆ ಕೆಡುವುದುಂಟು. ಇದು ಬಾಣಂತಿಯರಿಗಷ್ಟೇ ಸೀಮಿತವಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ 1,053 ಯುವಕರ ನಿದ್ದೆಯ ಬಗ್ಗೆ ಕೇಳಿ, ದಶಕಗಳ ಕಾಲ ಅವರ ಆರೋಗ್ಯ ಗಮನಿಸಿದರು. ಫಲಿತಾಂಶ ಬಂದದ್ದು 1997ರಲ್ಲಿ. ಕಾಲೇಜಿನಲ್ಲೇ ನಿದ್ರಾಹೀನತೆ ಇತ್ತು ಅಂದವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಉಳಿದವರ ಎರಡರಷ್ಟಿತ್ತು.

ಹಾಗಂತ ನಿದ್ದೆಗೆಟ್ಟವರಿಗೆಲ್ಲ ಖಿನ್ನತೆ ಬರುತ್ತೆ ಅಂತಲ್ಲ. ಇಂಟರ್ನಲ್ಸ್ ಹಿಂದಿನ ದಿನ ಬೇಕಂತಲೇ ಎದ್ದಿರೋದು ಬೇರೆ, ಮಲಗಿದರೂ ವಾರಗಟ್ಟಲೆ ನಿದ್ದೆ ಹತ್ತದಿರೋದು ಬೇರೆ. ಹಾಪ್ಕಿನ್ಸ್‌ನವರು ಕೇಳಿದ್ದು ನಿದ್ದೆ ಬಾರದ ತೊಂದರೆಯ ಬಗ್ಗೆ. ಆದರೆ ದಿನಕ್ಕೊಂದು ಹೊತ್ತಿಗೆ ಮಲಗುವ ನಮ್ಮ ಹಾಸ್ಟೆಲ್ ರೂಢಿ ಮೊದಲನೆಯದನ್ನು ಎರಡನೆಯದಾಗಿಸಬಹುದು. ನಿದ್ರಾಹೀನತೆಗೆ ಮಾತ್ರೆಯೊಂದೇ ಮದ್ದಲ್ಲ. ಮಲಗುವ ಅಭ್ಯಾಸ ತಿದ್ದುವ ಚಿಕಿತ್ಸೆಯೂ ಇದೆ.

ಪುಟ್ಟಣ್ಣ ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 1982ರ 'ಮಾನಸ ಸರೋವರ'ದಲ್ಲಿ ಮನಸ್ಸಿನ ಸಮತೋಲ ಕಳೆದುಕೊಳ್ಳುವವರು ಸ್ವತಃ ಮನೋವೈದ್ಯರೇ. ಕಾಯಿಲೆಗೆ ಓದು, ಡಿಗ್ರಿ ಯಾವುದೂ ಲೆಕ್ಕಕ್ಕಿಲ್ಲ ಅನ್ನೋದನ್ನು ಅಷ್ಟು ನೇರವಾಗಿ ತೋರಿಸಿದ ಕನ್ನಡ ಸಿನಿಮಾ ಅಪರೂಪ. 1985ರ ಜೂನ್ 5ರಂದು, 'ಮಸಣದ ಹೂವು' ಇನ್ನೂ ಮುಗಿದಿರದಾಗ, ಅವರು ತೀರಿಕೊಂಡರು. ವಯಸ್ಸು 51. ಚಿತ್ರವನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ಣಗೊಳಿಸಿದರು. ಇವತ್ತು ರಾಜ್ಯ ಸರ್ಕಾರ ನಿರ್ದೇಶಕರಿಗೆ ಕೊಡುವ ಪ್ರಶಸ್ತಿ ಅವರ ಹೆಸರಲ್ಲಿದೆ.

ರೂಮ್‌ಮೇಟ್ ಎರಡು ಮೂರು ವಾರದಿಂದ ಸರಿಯಾಗಿ ಮಲಗ್ತಿಲ್ಲ ಅನ್ನಿಸಿದರೆ ತಮಾಷೆ ಮಾಡದೆ ವಿಚಾರಿಸೋಣ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆ ಮುಗಿಸಿ ತರಗತಿಗೆ ವಾಪಸ್ ಬಂದವರಿಗೆ ಪಕ್ಕದಲ್ಲಿ ಜಾಗ ಬಿಟ್ಟು, ಎಂದಿನಂತೆ ಲ್ಯಾಬ್ ರೆಕಾರ್ಡ್ ಕೇಳೋಣ. ಕಾವೇರಿಗೆ ಸಿಗದೇ ಹೋದದ್ದು ಅಷ್ಟೇ.