ಕಾಯಕಯೋಗಿ ಆಯ್ದಕ್ಕಿ ಮಾರಯ್ಯನವರು

ಬೆಟ್ಟ ಹತ್ತಿ ಬಂದ ಭಕ್ತಾದಿಗಳು ದೇವರ ದರ್ಶನವಾದ ಮೇಲೆ ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವುದು ವಾಡಿಕೆ. ಬಡಿಸಿದ ಅನ್ನದಲ್ಲಿ ಹೊಟ್ಟೆಗೆ ಹೋದದ್ದೆಷ್ಟು, ಎಲೆಯಲ್ಲೇ ಉಳಿದದ್ದೆಷ್ಟು ಎಂದು ಏಳುವಾಗ ತಿರುಗಿ ನೋಡುವವರು ಕಡಿಮೆ. ಆದರೆ ನೆಲದ ಮೇಲೆ ಬಿದ್ದ ಒಂದೊಂದೇ ಅಕ್ಕಿಕಾಳನ್ನು ಆಯ್ದು, ಅದರಿಂದಲೇ ದಾಸೋಹ ನಡೆಸಿ, ಆ ಕೆಲಸವನ್ನೇ ತಮ್ಮ ಹೆಸರಾಗಿ ಉಳಿಸಿ ಹೋದ ಶರಣರೊಬ್ಬರು ಕನ್ನಡ ನಾಡಿನಲ್ಲಿ ಬಾಳಿದ್ದರು. ಅವರೇ 12ನೇ ಶತಮಾನದ ಆಯ್ದಕ್ಕಿ ಮಾರಯ್ಯನವರು. ಅವರ ಧರ್ಮಪತ್ನಿ ಲಕ್ಕಮ್ಮನವರು. ಇವರಲ್ಲಿ ಒಬ್ಬರ ಚರಿತ್ರೆ ಹೇಳಲು ಹೊರಟರೆ ಇನ್ನೊಬ್ಬರದನ್ನು ಬಿಡಲು ಬರುವುದಿಲ್ಲ.

ಅಮರೇಶ್ವರದಿಂದ ಕಲ್ಯಾಣಕ್ಕೆ

ಮಾರಯ್ಯ ದಂಪತಿಗಳ ಊರು ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಅಮರೇಶ್ವರ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡು ಅದು. ಅಲ್ಲಿನ ಅಮರೇಶ್ವರನೇ ಅವರ ಆರಾಧ್ಯದೈವ. ಮುಂದೆ ಮಾರಯ್ಯನವರು ವಚನ ರಚಿಸಿದಾಗ ಅಮರೇಶ್ವರಲಿಂಗ ಎಂಬುದನ್ನೇ ಅಂಕಿತವಾಗಿ ಇಟ್ಟುಕೊಂಡರು. ಊರು ಬಿಟ್ಟರೂ ಊರ ದೇವರನ್ನು ಬಿಡಲಿಲ್ಲ.

ಆ ಕಾಲದಲ್ಲಿ ಕಲ್ಯಾಣ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಕಳಚುರಿ ವಂಶದ ಬಿಜ್ಜಳನ ರಾಜಧಾನಿ. ಬಸವಣ್ಣನವರು ಅಲ್ಲಿ ಭಂಡಾರಿಯಾಗಿದ್ದರು. ಜಾತಿ ಕೇಳದೆ ಬಂದವರನ್ನೆಲ್ಲ ಶರಣರೆಂದು ಬರಮಾಡಿಕೊಳ್ಳುವ ಅವರ ಮನೆಗೆ ಮಹಾಮನೆ ಎಂದು ಹೆಸರು. ಅಲ್ಲಿ ನಿತ್ಯವೂ ದಾಸೋಹ. ಈ ಕೀರ್ತಿಯನ್ನು ಕೇಳಿ ನಾನಾ ಕಡೆಯಿಂದ ಜನ ಬರುತ್ತಿದ್ದರು. ಮಾರಯ್ಯ ದಂಪತಿಗಳೂ ಕೃಷ್ಣೆಯನ್ನು ದಾಟಿ, ಭೀಮೆಯನ್ನು ದಾಟಿ ಕಲ್ಯಾಣ ಸೇರಿದರು.

ಕಲ್ಯಾಣದಲ್ಲಿ ಒಂದು ಕಟ್ಟುನಿಟ್ಟು ಇತ್ತು. ಅಲ್ಲಿಗೆ ಬಂದ ಶರಣ ಯಾರೇ ಆಗಲಿ, ಕಾಯಕ ಮಾಡಿಯೇ ಉಣ್ಣಬೇಕು. ಮಡಿವಾಳ ಮಾಚಯ್ಯನವರು ಬಟ್ಟೆ ಮಡಿ ಮಾಡುತ್ತಿದ್ದರು. ನುಲಿಯ ಚಂದಯ್ಯನವರು ಹಗ್ಗ ಹೊಸೆಯುತ್ತಿದ್ದರು. ಮೇದಾರ ಕೇತಯ್ಯನವರು ಬಿದಿರು ತಂದು ಬುಟ್ಟಿ, ಮೊರ ಹೆಣೆಯುತ್ತಿದ್ದರು. ಮೋಳಿಗೆಯ ಮಾರಯ್ಯನವರೆಂಬ ಬೇರೆ ಶರಣರು ಕಟ್ಟಿಗೆ ಹೊರೆ ಹೊತ್ತು ಮಾರುತ್ತಿದ್ದರು. ಹೆಸರು ಒಂದೇ ಆದ್ದರಿಂದ ಎಷ್ಟೋ ಜನ ಈ ಇಬ್ಬರನ್ನು ಒಬ್ಬರೇ ಅಂದುಕೊಂಡುಬಿಡುತ್ತಾರೆ. ಆಯ್ದಕ್ಕಿ ಮಾರಯ್ಯನವರು ಬೇರೆ, ಮೋಳಿಗೆಯ ಮಾರಯ್ಯನವರು ಬೇರೆ.

ಅಕ್ಕಿ ಆಯುವ ಕಾಯಕ

ಮಹಾಮನೆಯ ಅಂಗಳಕ್ಕೆ ದಾಸೋಹದ ಅಕ್ಕಿ ಬರುತ್ತಿತ್ತು. ಅದನ್ನು ಅಳೆಯುವಾಗ, ಮೊರದಲ್ಲಿ ಕೇರಿ ಹಸನು ಮಾಡುವಾಗ, ಒಳಗೆ ಸಾಗಿಸುವಾಗ ಅಷ್ಟಿಷ್ಟು ಕಾಳು ನೆಲಕ್ಕೆ ಬೀಳುವುದು ಸಹಜ. ಓಡಾಡುವವರ ಕಾಲಿಗೆ ಸಿಕ್ಕಿ ಅದು ಮಣ್ಣಾಗಿ ಹೋಗುತ್ತಿತ್ತು. ಮಾರಯ್ಯನವರು ಅದನ್ನೇ ತಮ್ಮ ಕಾಯಕ ಮಾಡಿಕೊಂಡರು. ಬಗ್ಗಿ ಕುಳಿತು ಒಂದೊಂದೇ ಕಾಳು ಆಯ್ದು ಜೋಳಿಗೆಗೆ ಹಾಕಿಕೊಂಡು ಮನೆಗೆ ತರುತ್ತಿದ್ದರು. ಲಕ್ಕಮ್ಮನವರು ಅದನ್ನು ಶುಚಿ ಮಾಡಿ ಅಡುಗೆ ಮಾಡುವರು. ಮೊದಲು ಜಂಗಮರಿಗೆ ನೀಡಿ, ಉಳಿದದ್ದನ್ನು ಗಂಡ ಹೆಂಡತಿ ಪ್ರಸಾದವೆಂದು ಸ್ವೀಕರಿಸುವರು. ಮರುದಿನಕ್ಕೆಂದು ಏನನ್ನೂ ಎತ್ತಿಡುವ ಪದ್ಧತಿ ಇರಲಿಲ್ಲ.

ಹಾಗಂತ ಅವರು ಭಿಕ್ಷುಕರಾಗಿರಲಿಲ್ಲ. ಭಿಕ್ಷೆಯಾದರೆ ಕೈಚಾಚಿದರೆ ಆಯಿತು. ಇಲ್ಲಿ ಬೆನ್ನು ಬಗ್ಗಬೇಕು, ಕಣ್ಣು ನೆಲದ ಮೇಲೇ ಇರಬೇಕು. ಕಲ್ಲು ಯಾವುದು, ಕಾಳು ಯಾವುದು ಎಂದು ಬೆರಳಿಗೆ ಗೊತ್ತಾಗಬೇಕು. ಮನಸ್ಸು ಎಲ್ಲೋ ಇಟ್ಟುಕೊಂಡು ಮಾಡಿದರೆ ಸಂಜೆ ಅನ್ನದಲ್ಲಿ ಹರಳು ಸಿಗುತ್ತದೆ. ಜೋಳವೇ ಮುಖ್ಯ ಬೆಳೆಯಾಗಿರುವ ಆ ಸೀಮೆಯಲ್ಲಿ ಅಕ್ಕಿಕಾಳಿನ ಬೆಲೆ ತಿಳಿದವರು ಮಾತ್ರ ಮಾಡುವ ಕೆಲಸ ಅದು.

ಒಂದು ದಿನದ ಮರೆವು

ಒಂದು ದಿನ ಮಾರಯ್ಯನವರು ಅನುಭವ ಮಂಟಪಕ್ಕೆ ಹೋದರು. ಅಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಶಿವಾನುಭವ ಗೋಷ್ಠಿ ನಡೆದಿತ್ತು. ಕೇಳುತ್ತಾ ಕೇಳುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲ. ಆಯುವ ವೇಳೆ ಮೀರುತ್ತಾ ಬಂತು. ಆಗ ಲಕ್ಕಮ್ಮನವರು ಕಾಯಕ ನಿಂತಿತಲ್ಲಾ, ಬೇಗ ಹೋಗಿ ಬನ್ನಿ ಎಂದು ಗಂಡನನ್ನು ಎಚ್ಚರಿಸಿದರು ಎಂದು ಚರಿತ್ರೆ ಹೇಳುತ್ತದೆ. ಗೋಷ್ಠಿಯೇನೂ ಕೆಟ್ಟ ಕೆಲಸವಲ್ಲ, ಪುಣ್ಯದ ಕೆಲಸವೇ. ಆದರೆ ಅವರು ಬಾರದಿದ್ದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಬಂದ ಜಂಗಮರು ಹಸಿದು ಹೋಗುತ್ತಾರೆ. ಒಳ್ಳೆಯ ಮಾತು ಕೇಳುತ್ತಾ ಕೂತು ತನ್ನ ಪಾಲಿನ ಕೆಲಸ ಮರೆತರೆ ಅದೂ ಮರೆವೇ ಎಂಬುದು ಆ ತಾಯಿಯ ನಿಲುವು.

ಮಾರಯ್ಯನವರು ಇದನ್ನು ಮನಸ್ಸಿಗೆ ತಂದುಕೊಂಡರು. ಕಾಯಕದಲ್ಲಿ ತೊಡಗಿದವನು ಗುರುದರ್ಶನ, ಲಿಂಗಪೂಜೆಗಳ ಹಂಗನ್ನೂ ಬಿಟ್ಟು ಅದರಲ್ಲೇ ನಿರತನಾಗಬೇಕು ಎಂಬ ಅರ್ಥದ ಅವರ ವಚನವೊಂದು ಬಹಳ ಪ್ರಸಿದ್ಧವಾಗಿದೆ. ಕಾಯಕವನ್ನು ಕೈಲಾಸಕ್ಕೆ ಸಮವೆಂದು ಸಾರುವ, ಇಂದು ಶಾಲೆ, ಕಛೇರಿ, ಬ್ಯಾಂಕುಗಳ ಗೋಡೆಗಳ ಮೇಲೆಲ್ಲ ಕಾಣುವ ಮಾತು ಬಸವಣ್ಣನವರದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನವರ ಈ ವಚನದಲ್ಲಿ.

ಹೆಚ್ಚು ತಂದ ಅಕ್ಕಿ

ಇನ್ನೊಂದು ದಿನದ ಘಟನೆಯೇ ಮಾರಯ್ಯನವರ ಜೀವನದ ಮುಖ್ಯ ಘಟನೆ. ಅಂದು ಅಂಗಳದಲ್ಲಿ ಎಂದಿಗಿಂತ ಜಾಸ್ತಿ ಅಕ್ಕಿ ಬಿದ್ದಿತ್ತು. ದಂಪತಿಗಳ ನಿಷ್ಠೆಯನ್ನು ಪರೀಕ್ಷೆ ಮಾಡಲು ಬಸವಣ್ಣನವರೇ ಬೇಕಂತಲೇ ಚೆಲ್ಲಿಸಿದ್ದರು ಎಂದು ಹೇಳುವವರೂ ಇದ್ದಾರೆ. ಮಾರಯ್ಯನವರು ಎಂದಿನಂತೆ ಕುಳಿತರು, ಎಂದಿನಂತೆ ಆಯ್ದರು, ಜೋಳಿಗೆ ಬೇಗ ತುಂಬಿತು. ಆದರೂ ಕೈ ನಿಲ್ಲಲಿಲ್ಲ. ಎದುರಿಗೆ ಅಕ್ಕಿ ಇದೆ, ಬಿಟ್ಟರೆ ಸುಮ್ಮನೆ ಮಣ್ಣಾಗುತ್ತದೆ, ಆಯ್ದರೆ ತಪ್ಪೇನು? ಸಾಮಾನ್ಯ ಜನರಿಗೆ ಇದರಲ್ಲಿ ತಪ್ಪು ಕಾಣುವುದೇ ಇಲ್ಲ. ಕದ್ದದ್ದಲ್ಲ, ಬೇಡಿದ್ದಲ್ಲ, ಬೆವರು ಸುರಿಸಿಯೇ ಕೂಡಿಸಿದ್ದು.

ಮನೆಗೆ ಬಂದು ಜೋಳಿಗೆ ಕೊಟ್ಟರು. ಲಕ್ಕಮ್ಮನವರು ಕೈಯಲ್ಲಿ ಹಿಡಿದ ಕೂಡಲೇ ಭಾರದಲ್ಲೇ ಗುರುತಿಸಿದರು, ಇದು ದಿನದ ಅಕ್ಕಿಯಲ್ಲ. ದಿನವೂ ಒಂದೇ ಅಳತೆಯ ಅಕ್ಕಿ ಹಿಡಿದ ಕೈಗೆ ತಕ್ಕಡಿ ಏನೂ ಬೇಕಿಲ್ಲ. ಗಂಡ ದುಡಿದು ತಂದದ್ದು ಹೆಚ್ಚಾಯಿತೆಂದು ಹೆಂಡತಿ ಸಂತೋಷಪಡುವುದು ಲೋಕದ ರೀತಿ. ಈ ತಾಯಿ ಕಳವಳಗೊಂಡರು. ಇದು ನಿಮ್ಮ ಮನಸ್ಸು ತಂದದ್ದೋ, ಬಸವಣ್ಣನವರ ಕಡೆಯವರು ಕೊಟ್ಟದ್ದೋ ಎಂದು ವಿಚಾರಿಸಿದರು. ಅತಿಯಾಸೆ ಅರಸರಿಗೆ ಸರಿ, ಶಿವಭಕ್ತರಿಗೆ ಅದು ಸಲ್ಲದು, ಇಂದಿಗೆ ಬೇಕಾದಷ್ಟನ್ನು ಇಟ್ಟು ಮಿಕ್ಕಿದ್ದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂಬುದು ಅವರ ಮಾತಿನ ತಾತ್ಪರ್ಯ.

ಮಾರಯ್ಯನವರು ವಾದ ಮಾಡಲಿಲ್ಲ, ಸಿಟ್ಟಾಗಲಿಲ್ಲ. ಬೆನ್ನು ಬಗ್ಗಿಸಿ ಆಯ್ದ ಅಕ್ಕಿಯನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹಿಂದಿರುಗಿದರು. ತಿಂಗಳುಗಟ್ಟಲೆ ಆಯ್ದ ಅಕ್ಕಿಗಿಂತ ಅಂದು ವಾಪಸು ಸುರಿದ ಅಕ್ಕಿಯೇ ಅವರನ್ನು ಶರಣರ ಸಾಲಿನಲ್ಲಿ ನಿಲ್ಲಿಸಿತು.

ಒಂದು ಹಿಡಿ ಹೆಚ್ಚು ಅಕ್ಕಿಗೆ ಇಷ್ಟೊಂದು ಯಾಕೆ ಎಂದು ಕೇಳಬಹುದು. ನಾಳಿನ ಅಕ್ಕಿ ಇಂದೇ ಮನೆಯಲ್ಲಿದ್ದರೆ ನಾಳೆ ಕಾಯಕಕ್ಕೆ ಹೋಗುವ ಮನಸ್ಸು ಇರುವುದಿಲ್ಲ. ನಾಡಿದ್ದು ಅದನ್ನು ಇಡಲು ಒಂದು ಗಡಿಗೆ ಬೇಕಾಗುತ್ತದೆ. ಆಮೇಲೆ ಗಡಿಗೆ ತುಂಬುವ ತನಕ ನಿದ್ದೆ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಂದು ಮಾರಯ್ಯನವರ ಕೈ ತನಗೆ ಎಷ್ಟು ಬೇಕು ಎಂದು ಕೇಳದೆ ತಾನೇ ಓಡಿತ್ತು. ಲಕ್ಕಮ್ಮನವರು ತಡೆದದ್ದು ಆ ಓಟವನ್ನು.

ಹಿಡಿ ಅಕ್ಕಿಯ ದಾಸೋಹ

ಬಡವರಾದ ಇವರು ಒಮ್ಮೆ ಬಸವಣ್ಣನವರನ್ನೂ, ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರನ್ನೂ ತಮ್ಮ ಮನೆಗೆ ದಾಸೋಹಕ್ಕೆ ಕರೆದರೆಂದೂ, ಆಯ್ದು ತಂದ ಸ್ವಲ್ಪ ಅಕ್ಕಿಯಿಂದಲೇ ಎಲ್ಲರಿಗೂ ತೃಪ್ತಿಯಾಯಿತೆಂದೂ ಭಕ್ತರ ನಂಬಿಕೆ. ಪವಾಡವೆಂದು ನಂಬುವವರು ನಂಬಲಿ. ಬೇರೆ ರೀತಿ ನೋಡಿದರೂ ಅದರಲ್ಲಿ ಸತ್ಯವಿದೆ. ಬೇಕಾದಷ್ಟೇ ತೆಗೆದುಕೊಳ್ಳುವವರ ಮನೆಯಲ್ಲಿ ಇನ್ನೊಬ್ಬರಿಗೆ ಯಾವತ್ತೂ ಸ್ಥಳವಿರುತ್ತದೆ.

ವಚನಗಳು

1167ರ ಸುಮಾರಿಗೆ ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅವರ ಜೊತೆ ವಚನದ ಕಟ್ಟುಗಳೂ ಚದುರಿದವು. 15ನೇ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳಲ್ಲಿ ಮಾರಯ್ಯ ಲಕ್ಕಮ್ಮನವರ ಪ್ರಸಂಗಕ್ಕೆ ಗೌರವದ ಸ್ಥಾನ ದೊರೆತಿದೆ. 20ನೇ ಶತಮಾನದಲ್ಲಿ ಫ. ಗು. ಹಳಕಟ್ಟಿಯವರು ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಪ್ರಕಟಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಮಾರಯ್ಯನವರ 32 ಮತ್ತು ಲಕ್ಕಮ್ಮನವರ 25 ವಚನಗಳು ದೊರೆತಿವೆ. ಲಕ್ಕಮ್ಮನವರ ಅಂಕಿತದಲ್ಲಿ ಗಂಡನ ಹೆಸರೂ ಅಮರೇಶ್ವರನ ಹೆಸರೂ ಕೂಡಿಯೇ ಬರುತ್ತವೆ. ಗಂಡನನ್ನು ತಿದ್ದಿದ ಕೈಯೇ ಗಂಡನ ಹೆಸರನ್ನು ವಚನದಲ್ಲಿ ಇಟ್ಟಿತು!

ನಿತ್ಯಜೀವನದಲ್ಲಿ ಮಾರಯ್ಯನವರು

ಮಾರಯ್ಯನವರು ಕಾಡಿಗೆ ಹೋಗಲಿಲ್ಲ, ಸಂಸಾರ ಬಿಡಲಿಲ್ಲ, ಕಾವಿ ಉಡಲಿಲ್ಲ. ಮಾಡುವ ಕೆಲಸವನ್ನು ಗಮನವಿಟ್ಟು ಮಾಡಿದರು, ತಪ್ಪಿದಾಗ ಮನೆಯವರ ಮಾತು ಕೇಳಿ ತಿದ್ದಿಕೊಂಡರು, ಅಷ್ಟೇ. ಇದು ಗೃಹಸ್ಥರೆಲ್ಲರಿಗೂ ಸಾಧ್ಯವಾದ ದಾರಿ. ಹಾಗಂತ ಮನೆಯಲ್ಲಿ ನಾಳೆಗೆ ಅಕ್ಕಿ ಇಡಬಾರದು ಎಂದಲ್ಲ. ಮಕ್ಕಳು ಮರಿ ಇರುವ ಮನೆಗೆ ಎತ್ತಿಡುವುದೂ ಬೇಕು. ಆದರೆ ಕೈ ಚಾಚುವ ಮುಂಚೆ ಒಂದು ಕ್ಷಣ ನಿಂತು, ಇದು ಯಾತಕ್ಕೆ, ಎಷ್ಟು ಬೇಕು ಎಂದು ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಬಹುದು. ಅಂಗಡಿಯಲ್ಲಿ ಸೀರೆ ನೋಡುವಾಗಲೂ ಅದೇ, ರಾತ್ರಿ ಮೊಬೈಲು ಹಿಡಿದು ಕೂತಾಗಲೂ ಅದೇ. ಇಲ್ಲಾಂದ್ರೆ ಕೈ ತಾನೇ ಓಡುತ್ತದೆ, ದಿನ ಹೋದದ್ದು ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಾದರೂ ಇದು ಹೆಚ್ಚಾಯಿತು ಎಂದರೆ ರೇಗದೆ ಕೇಳಿಸಿಕೊಳ್ಳುವುದೂ ಮಾರಯ್ಯನವರ ದಾರಿಯೇ.

ಪ್ರಸಾದದ ಪಂಕ್ತಿಯಲ್ಲಿ ಬಡಿಸುವವರು ಮುಂದೆ ಬಂದಾಗ ಸಾಕು ಎನ್ನಲು ಸಂಕೋಚ ಬೇಡ. ಬೇಕಾದರೆ ಮತ್ತೊಮ್ಮೆ ಕೇಳಿ ಹಾಕಿಸಿಕೊಳ್ಳಬಹುದು. ಎಲೆಯಲ್ಲಿ ಬಿಡದ ಒಂದು ಹಿಡಿ ಅನ್ನ ಹಿಂದಿನ ಪಂಕ್ತಿಯಲ್ಲಿ ಕಾಯುತ್ತಿರುವ ಇನ್ನೊಬ್ಬ ಭಕ್ತರ ಪಾಲು. ಅದನ್ನು ಉಳಿಸಿಕೊಟ್ಟವರು ಬೆಟ್ಟ ಇಳಿಯುವಾಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಆಶೀರ್ವಾದವನ್ನೂ ಪಡೆದು ಇಳಿಯುತ್ತಾರೆ.